ತಜ್ಞರ ಉತ್ತರ: ಕಾಡೂ ಬೇಕು, ತೋಟವೂ ಉಳೀಬೇಕು. ನಾನು ಉರುಳಿಗೆ ಸಿಕ್ಕಿದ್ದೇನಾ?

ಪ್ರಶ್ನೆ: ಸರ್, ನನ್ನದು ಹೊಸನಗರ ತಾಲ್ಲೂಕು. ಎರಡು ಎಕರೆ ಅಡಿಕೆ ತೋಟ, ಒಂದು ಎಕರೆ ಗದ್ದೆ, ಮೇಲೆ ತೋಟಕ್ಕೆ ಸೊಪ್ಪು ತರುವ ನಾಲ್ಕು ಎಕರೆ ಕಾಡು, ಅಂದ್ರೆ ಸೊಪ್ಪಿನ ಬೆಟ್ಟ ಇದೆ. ಅಪ್ಪ ಹೋದ ಮೇಲೆ ಹನ್ನೊಂದು ವರ್ಷದಿಂದ ನಾನೇ ನೋಡಿಕೊಳ್ಳುತ್ತಿದ್ದೇನೆ. ಕಾಡು ಅಂದ್ರೆ ಪ್ರಾಣ ನನಗೆ. ಆದರೆ ಅದನ್ನು ಹಾಳು ಮಾಡುತ್ತಿರುವವನೂ ನಾನೇ. ಆಳು ಸಿಗಲ್ಲ ಅಂತ ವರ್ಷಕ್ಕೆ ಎರಡು ಸಲ ಕಳೆನಾಶಕ ಹೊಡೆಯುತ್ತೇನೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೂರು ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ). ಎಲೆಚುಕ್ಕಿ ರೋಗ ಬಂದ ಮೇಲೆ ಅದಕ್ಕೆ ಬೇರೆ ಔಷಧಿ. ಬೋರ್‌ವೆಲ್ ಹೊಡೆಸಿದ ಸಾಲ ಇನ್ನೂ ಇದೆ. ಈಗ ಗದ್ದೆಗೂ ಮಣ್ಣು ತುಂಬಿಸಿ ಅಡಿಕೆ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಜೆಸಿಬಿಯವರು ಪಕ್ಕದ ಮನೆಗೆ ಬಂದಿದ್ದಾರೆ, ಬಾಡಿಗೆ ಕಡಿಮೆ ಆಗುತ್ತದಂತೆ. ಬೆಂಗಳೂರಿನಲ್ಲಿರುವ ಅಣ್ಣ ಬಂದಾಗೆಲ್ಲ "ಮಲೆನಾಡು ಹಾಳಾಗಿದ್ದೇ ನಿಮ್ಮ ಅಡಿಕೆಯಿಂದ" ಅನ್ನುತ್ತಾನೆ. ಮೊನ್ನೆ ಏಳನೇ ಕ್ಲಾಸಿನ ಮಗಳು "ಅಪ್ಪಾ, ನಮ್ಮ ಹಳ್ಳದಲ್ಲಿ ಈಗ ಏಡಿ ಯಾಕಿಲ್ಲ?" ಅಂತ ಕೇಳಿದಳು. ಉತ್ತರ ಬರಲಿಲ್ಲ. ಉರುಳಿಗೆ ಸಿಕ್ಕ ಹಂದಿ ಹಾಗಾಗಿದೆ ನನ್ನ ಕಥೆ. ಗದ್ದೆ ತುಂಬಿಸಲಾ ಬೇಡವಾ? ಔಷಧಿ ಎಲ್ಲ ಒಂದೇ ಸಲ ನಿಲ್ಲಿಸಿ ಸಹಜ ಕೃಷಿಗೆ ಹೋಗಲಾ? ತಪ್ಪು ನನ್ನದೇನಾ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಗದ್ದೆ ಏನು ಮಾಡಬೇಕು, ಔಷಧಿ ಏನು ಮಾಡಬೇಕು ಅಂತ ಕೇಳಿದ್ದೀರಿ. ಆದರೆ ನಿಮ್ಮನ್ನು ನಿಜವಾಗಿ ಕೊರೆಯುತ್ತಿರುವುದು ಕೊನೆಯ ಪ್ರಶ್ನೆ. ಇಷ್ಟಪಡುವುದನ್ನು ನಮ್ಮ ಕೈಯಾರೆ ಹಾಳು ಮಾಡುವ ಸ್ಥಿತಿ ಹೇಗೆ ಬಂತು ಅನ್ನುವುದು. ಅಲ್ಲಿಂದಲೇ ಶುರು ಮಾಡುತ್ತೇನೆ. ಅದು ಬಿಡಿಸಿಕೊಳ್ಳದಿದ್ದರೆ ಉಳಿದ ಸಲಹೆಗಳು ಉಪಯೋಗಕ್ಕೆ ಬರುವುದಿಲ್ಲ.

ಮೂವತ್ತು ವರ್ಷಕ್ಕೂ ಜಾಸ್ತಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟ ಸುತ್ತಿದ್ದೇನೆ. ನಿಮ್ಮಂಥದೇ ಕಥೆಯನ್ನು ಎಷ್ಟೋ ಮನೆಗಳ ಜಗಲಿಯ ಮೇಲೆ ಕೂತು ಕೇಳಿದ್ದೇನೆ. ಆ ಕಥೆ ಶುರುವಾಗುವುದು ಔಷಧಿಯಿಂದ ಅಲ್ಲ, ಕೊಟ್ಟಿಗೆಯಿಂದ.

ಮಕ್ಕಳು ಓದಿ ಊರು ಬಿಟ್ಟರು. ಕೆಲಸಕ್ಕೆ ಬರುತ್ತಿದ್ದವರ ಮಕ್ಕಳೂ ಓದಿದರು, ಅವರೂ ಹೋದರು. ಹೋಗಬೇಕಾದ್ದೇ. ಕೊಟ್ಟಿಗೆ ನೋಡಿಕೊಳ್ಳುವವರು ಇಲ್ಲ ಅಂತ ಎಂಟು ದನ ಇದ್ದಲ್ಲಿ ಒಂದು ಉಳಿಯಿತು. ದನ ಹೋದ ಮೇಲೆ ಹಾಸಲು ಸೊಪ್ಪು ಬೇಡ, ದರಕು (ಒಣಗಿದ ಎಲೆ) ಬೇಡ. ಹಾಗಾಗಿ ಬೆಟ್ಟಕ್ಕೆ ಹೋಗುವುದು ನಿಂತಿತು. ಗೊಬ್ಬರ ಇಲ್ಲ ಅಂತ ಚೀಲದ ಗೊಬ್ಬರ ಬಂತು. ಅದಕ್ಕೆ ದುಡ್ಡು ಬೇಕು, ಸೊಸೈಟಿ ಸಾಲ ಬಂತು. ಸಾಲ ತೀರಬೇಕಾದರೆ ಇಳುವರಿ ಜಾಸ್ತಿ ಬೇಕು. ಇರುವ ತೋಟದಲ್ಲಿ ಜಾಸ್ತಿ ಆಗಲಿಲ್ಲ, ಅದಕ್ಕೆ ತೋಟವೇ ದೊಡ್ಡದಾಯಿತು. ತೋಟ ದೊಡ್ಡದಾದರೆ ಮಾರ್ಚ್‌ನಲ್ಲಿ ನೀರು ಸಾಲದು, ಬೋರ್‌ವೆಲ್ ಬಂತು. ಬೋರ್‌ವೆಲ್‌ಗೆ ಇನ್ನೊಂದು ಸಾಲ. ಈಗ ಆ ಸಾಲಕ್ಕೆ ಗದ್ದೆ ಹೋಗಬೇಕು ಅಂತ ಊರು ಹೇಳುತ್ತಿದೆ.

ಇದರಲ್ಲಿ ಯಾವ ಹೆಜ್ಜೆ ತಪ್ಪು, ತೋರಿಸಿ ಅಂದ್ರೆ ನನಗೂ ತೋರಿಸಲು ಆಗುವುದಿಲ್ಲ. ಪ್ರತಿಯೊಂದೂ ಆ ದಿನದ ಮಟ್ಟಿಗೆ ಸರಿಯಾದ ಲೆಕ್ಕವೇ. ಒಟ್ಟು ಕೂಡಿದಾಗ ಮಾತ್ರ ಹಳ್ಳ ಬತ್ತುತ್ತದೆ. ಜಾನ್ ಪ್ಲಾಟ್ ಅನ್ನುವ ಅಮೆರಿಕದ ವಿಜ್ಞಾನಿ 1973ರಲ್ಲಿ ಇದಕ್ಕೆ 'ಸಾಮಾಜಿಕ ಬೋನು' ಅಂತ ಹೆಸರು ಕೊಟ್ಟರು. ಬೋನಿನ ಬಾಯಲ್ಲಿ ಇಟ್ಟಿರುವ ಲಾಭ ಇವತ್ತೇ ಕೈಗೆ ಸಿಗುತ್ತದೆ. ನಷ್ಟ ನಾಳೆ ಬರುತ್ತದೆ, ಅದೂ ಹಂಚಿಹೋಗಿ ಬರುತ್ತದೆ. ಕಳೆನಾಶಕದಿಂದ ಉಳಿದ ಕೂಲಿ ನಿಮ್ಮ ಜೇಬಿನಲ್ಲಿ ಇರುತ್ತದೆ. ಕೊಚ್ಚಿಹೋದ ಮಣ್ಣು ಮಾತ್ರ ಶರಾವತಿಯ ಪಾಲು.

ನಾನೂ ಇದರ ಹೊರಗೆ ಇರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಎಷ್ಟು ಎಕರೆ ಹೊಸ ತೋಟ ಆಯಿತು, ಎಷ್ಟು ಟನ್ ಗೊಬ್ಬರ ಹೋಯಿತು ಅಂತ ತಿಂಗಳ ಕೊನೆಗೆ ವರದಿ ತುಂಬಬೇಕಿತ್ತು. ಆ ವರದಿಯಲ್ಲಿ ಹಳ್ಳಕ್ಕೆ ಒಂದು ಕಾಲಂ ಇರಲಿಲ್ಲ. ಕಳೆನಾಶಕ ಹೊಡೆದರೆ ಖರ್ಚು ಉಳಿಯುತ್ತದೆ ಅಂತ ರೈತರ ಸಭೆಯಲ್ಲಿ ನಿಂತು ನಾನೇ ಹೇಳಿದ್ದೇನೆ. ಅದನ್ನು ಕೇಳಿ ಹೊಡೆದವರ ತೋಟಗಳು ಇವತ್ತೂ ನನ್ನ ಕಣ್ಣ ಮುಂದೆ ಇವೆ. ಹಾಗಾಗಿ ನಿಮಗೆ ಪಾಪಿ ಅನ್ನುವ ಹಕ್ಕು ನನಗಿಲ್ಲ, ಆ ಪದ ಸರಿಯೂ ಅಲ್ಲ.

ಇನ್ನು ಊರಲ್ಲಿ ಓಡಾಡುವ ಕೆಲವು ಮಾತುಗಳನ್ನು ನೋಡೋಣ. ಅರ್ಧ ನಿಜ ಇರುವುದರಿಂದಲೇ ಅವು ಜಾಸ್ತಿ ತೊಂದರೆ ಕೊಡುತ್ತವೆ.

ಹಿಂದಿನವರು ಪ್ರಕೃತಿಯನ್ನು ಪೂಜಿಸುತ್ತಿದ್ದರು, ನಾವು ದುರಾಸೆಯವರು ಅನ್ನುತ್ತಾರೆ. ಪೂಜಿಸುತ್ತಿದ್ದದ್ದು ನಿಜ. ದೇವರಕಾಡು, ಸೊರಬದ ಕಾನುಗಳು, ಚೌಡಿ ಬನ ಎಲ್ಲ ಹಾಗೇ ಉಳಿದದ್ದು. ಆದರೆ ಅವರೂ ಸೊಪ್ಪಿಗಾಗಿ ಬೆಟ್ಟವನ್ನು ಬೋಳಿಸಿದ್ದಾರೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು ಅಂದ್ರೆ ಆ ಪದ್ಧತಿಗೆ ಎಷ್ಟು ಸೊಪ್ಪು ಬೇಕಿತ್ತು ಅಂತ ಯೋಚಿಸಿ. ವ್ಯತ್ಯಾಸ ಇದ್ದದ್ದು ಅಳತೆಯಲ್ಲಿ. ಒಬ್ಬ ಆಳು ಒಂದು ದಿನಕ್ಕೆ ಎಷ್ಟು ಹೊರೆ ಹೊರಬಲ್ಲ, ಒಂದು ಜೋಡಿ ಎತ್ತು ಎಷ್ಟು ಮಣ್ಣು ಎಳೆಯಬಲ್ಲವು, ಅಷ್ಟೇ ಅವರ ಮಿತಿ. ನಿಮ್ಮ ಅಜ್ಜ ಗುಡ್ಡದ ಧರೆ (ಕಡಿದಾದ ಮಣ್ಣಿನ ಬದಿ) ಕಡಿಯಬೇಕು ಅಂದುಕೊಂಡರೂ ಒಂದು ಬೇಸಿಗೆಯಲ್ಲಿ ನಾಲ್ಕು ಮಾರು ಕಡಿಯುತ್ತಿದ್ದರು. ಜೆಸಿಬಿ ಅದನ್ನು ಊಟದ ಹೊತ್ತಿನೊಳಗೆ ಮುಗಿಸುತ್ತದೆ. ಆಸೆ ಅಷ್ಟೇ ಇದೆ, ಕೈ ದೊಡ್ಡದಾಗಿದೆ.

ನಿಮ್ಮ ಅಣ್ಣನ ಮಾತಿಗೆ ಬರುತ್ತೇನೆ. ಅಡಿಕೆಯಿಂದ ಹಾನಿ ಆಗಿದೆ, ಅದನ್ನು ಅಲ್ಲಗಳೆಯಬಾರದು. ಆದರೆ ಮಲೆನಾಡಿನ ಕಾಡು ಕರಗಿದ್ದು ಅಡಿಕೆಯೊಂದರಿಂದ ಅಲ್ಲ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕುಲುಮೆ ಹೊತ್ತಿದಾಗ ಅದಕ್ಕೆ ಬೇಕಾದ ಇದ್ದಿಲು ಬಂದದ್ದು ಇಲ್ಲಿನ ಮರಗಳಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು, ಗದ್ದೆ, ಕಾಡು ಒಟ್ಟಿಗೇ ಮುಳುಗಿದವು. ಮುಳುಗಡೆಯಾದವರನ್ನು ತಂದು ಬಿಟ್ಟದ್ದು ಇನ್ನೊಂದು ಕಾಡಿಗೆ. ಅವರಲ್ಲಿ ಎಷ್ಟೋ ಮನೆಗಳಿಗೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಆಮೇಲೆ ಕಾಗದಕ್ಕೆ ಬೇಕು ಅಂತ ಗುಡ್ಡಗಳಿಗೆ ನೀಲಗಿರಿ, ಅಕೇಶಿಯಾ ಬಂತು. ನಿಮ್ಮ ಅಣ್ಣನ ಮನೆಯ ದೀಪದಲ್ಲಿ ಶರಾವತಿಯ ಕರೆಂಟೂ ಸೇರಿದೆ, ಅವರ ಶಾಲೆಯ ನೋಟುಬುಕ್ಕಿನಲ್ಲಿ ನಮ್ಮ ಗುಡ್ಡವೂ ಇದ್ದಿರಬಹುದು. ಅಣ್ಣನನ್ನು ಚುಚ್ಚಲು ಇದನ್ನು ಹೇಳುತ್ತಿಲ್ಲ. ಅವರೂ ನಿಮ್ಮ ಹಾಗೆಯೇ, ಬೇರೆ ದಾರಿ ಇಲ್ಲದ ಕಡೆ ನಿಂತಿದ್ದಾರೆ. ಸ್ವಿಚ್ ಹಾಕುವಾಗ ಯಾವ ಕಣಿವೆ ಮುಳುಗಿತು ಅಂತ ಗೊತ್ತಾಗುವುದಿಲ್ಲ. ನೀವು ಹಳ್ಳದ ಪಕ್ಕದಲ್ಲೇ ಇದ್ದೀರಿ, ನಿಮಗೆ ಕಾಣುತ್ತದೆ. ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತು: ಮರ ಇದ್ದರೆ ಕಾಡು ಇದ್ದ ಹಾಗೆ. ಇಲ್ಲ. ಅಕೇಶಿಯಾ ತೋಪಿನೊಳಗೆ ಹೋಗಿ ಐದು ನಿಮಿಷ ಸುಮ್ನೆ ನಿಲ್ಲಿ. ಮಂಗಕ್ಕೆ ಹಣ್ಣಿಲ್ಲ, ಮಂಗಟ್ಟೆ ಹಕ್ಕಿಗೆ ಪೊಟರೆ ಇಲ್ಲ. ಬೆಟ್ಟದಲ್ಲಿ ತಿನ್ನಲು ಸಿಗದಿದ್ದಾಗ ಮಂಗ ತೋಟಕ್ಕೆ ಬರದೆ ಎಲ್ಲಿಗೆ ಹೋಗಬೇಕು? ಕಾಡಿನ ಅಂಚು ಕಲಕಿದರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆ 1957ರಲ್ಲೇ ನೋಡಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಹಿಂದೆಯೇ ಜನಕ್ಕೆ ಜ್ವರ ಬಂತು. ಉಣುಗಿನಿಂದ (ಪ್ರಾಣಿಗಳ ರಕ್ತ ಹೀರುವ ಸಣ್ಣ ಜೀವಿ) ಹರಡುವ ಆ ಮಂಗನ ಕಾಯಿಲೆ ಇವತ್ತಿಗೂ ಬೇಸಿಗೆ ಹತ್ತಿರ ಬಂದಾಗ ನಮ್ಮನ್ನು ಹೆದರಿಸುತ್ತದೆ.

ಡ್ರಿಪ್ ಹಾಕಿದರೆ ನೀರು ಉಳಿಯುತ್ತದೆ ಅನ್ನುವುದನ್ನೂ ಪರೀಕ್ಷೆ ಮಾಡಿ ನೋಡಬೇಕು. ಒಂದು ಮರದ ಲೆಕ್ಕದಲ್ಲಿ ಉಳಿಯುತ್ತದೆ, ಸಂಶಯವಿಲ್ಲ. ಊರಿನ ಲೆಕ್ಕದಲ್ಲಿ ನಾನು ಕಂಡದ್ದು ಬೇರೆ. ಉಳಿದ ನೀರಿಗೆ ಇನ್ನೂ ಅರ್ಧ ಎಕರೆ ಸಸಿ ಬೀಳುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಕಲ್ಲಿದ್ದಲಿನ ಬಗ್ಗೆ ಇದನ್ನು ಹೇಳಿದ್ದರು. ಕಡಿಮೆ ಕಲ್ಲಿದ್ದಲಿನಲ್ಲಿ ಓಡುವ ಯಂತ್ರ ಬಂದಾಗ ಯಂತ್ರಗಳ ಸಂಖ್ಯೆ ಹೆಚ್ಚಿತು, ಒಟ್ಟು ಕಲ್ಲಿದ್ದಲು ಮೊದಲಿಗಿಂತ ಜಾಸ್ತಿ ಉರಿಯಿತು. ಹಾಗಾಗಿ ಡ್ರಿಪ್ ಹಾಕಿಸಿ. ಆದರೆ ತೋಟದ ಗಡಿಯನ್ನು ಮೊದಲು ಗಟ್ಟಿ ಮಾಡಿಕೊಂಡು ಹಾಕಿಸಿ.

ಇನ್ನು, ಒಂದೇ ಸಲ ಔಷಧಿ ಎಲ್ಲ ನಿಲ್ಲಿಸುವುದಕ್ಕೂ ನಾನು ಹೂಂ ಅನ್ನುವುದಿಲ್ಲ. ನಿಮ್ಮ ಕಡೆಯ ಮಳೆಯಲ್ಲಿ ಒಂದು ವರ್ಷ ಬೋರ್ಡೋ ತಪ್ಪಿಸಿದರೆ ಕೊಳೆರೋಗ ಇಡೀ ಕೊನೆಯನ್ನೇ (ಅಡಿಕೆ ಗೊನೆಯನ್ನೇ) ಉದುರಿಸಬಹುದು. ಹಾಗೆ ಮಾಡಿ, ಸಾಲ ಏರಿ, ಮೂರನೇ ವರ್ಷ ಮೊದಲಿಗಿಂತ ಎರಡು ಪಟ್ಟು ಔಷಧಿಗೆ ವಾಪಸ್ ಬಂದವರನ್ನು ನೋಡಿದ್ದೇನೆ. ಕೆಲವರು ಬೆಟ್ಟದ ಮರ ಮಾರಿ ಆ ಹೊಂಡ ಮುಚ್ಚಿದರು. ಉರುಳು ಅಂದಿರಲ್ಲ, ಒಳ್ಳೆಯ ಮಾತು ಅದು. ಉರುಳಿಗೆ ಬಿದ್ದದ್ದು ಜಗ್ಗಿದಷ್ಟೂ ಹಗ್ಗ ಬಿಗಿಯುತ್ತದೆ. ಗೂಟದ ಕಡೆಗೆ ಹಿಂದೆ ಬಂದರೆ ಸಡಿಲ ಆಗುತ್ತದೆ. ನಿಮ್ಮ ಉರುಳಿನ ಗೂಟ ಯಾವುದು? ನನ್ನ ಪ್ರಕಾರ ಸಾಲ, ಆಮೇಲೆ ಆಳಿನ ಕೊರತೆ. ಔಷಧಿ ಬರೀ ಹಗ್ಗ.

ಹಾಗಾಗಿ ಮೊದಲ ಕೆಲಸ, ಈ ವರ್ಷ ಹೊಸದಾಗಿ ಏನನ್ನೂ ಸೇರಿಸಬೇಡಿ. ಹೊಸ ಸಸಿ ಬೇಡ, ಹೊಸ ಸಾಲ ಬೇಡ, ಜೆಸಿಬಿ ಬೇಡ. ಪಕ್ಕದ ಮನೆಗೆ ಬಂದಿದೆ, ಬಾಡಿಗೆ ಉಳಿಯುತ್ತದೆ ಅನ್ನುವುದು ಬೋನಿನ ಬಾಯಲ್ಲಿಟ್ಟ ಬೆಲ್ಲ.

ಗದ್ದೆ ತುಂಬಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮ ಗದ್ದೆ ಭತ್ತ ಬೆಳೆಯುವ ಜಾಗ ಮಾತ್ರ ಅಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಟ್ಟದಿಂದ ಇಳಿದ ನೀರು ಅಲ್ಲಿ ನಿಂತು, ಅಂಚಿನಿಂದ ಅಂಚಿಗೆ ಇಳಿದು, ನಿಧಾನಕ್ಕೆ ಇಂಗುತ್ತದೆ. ಕೆಳಗಿನ ಬಾವಿಗಳ ಫೆಬ್ರವರಿಯ ನೀರಿನಲ್ಲಿ ಆ ಪಾಲು ದೊಡ್ಡದು. ತೋಟ ಮಾಡಿದರೆ ಇದು ಪೂರ್ತಿ ತಿರುಗುಮುರುಗು ಆಗುತ್ತದೆ. ಅಡಿಕೆ ಬೇರಿಗೆ ನೀರು ನಿಂತರೆ ಆಗುವುದಿಲ್ಲ. ಆಳದ ಬಸಿಗಾಲುವೆ ತೆಗೆದು, ಮಳೆಗಾಲದ ನೀರನ್ನು ಆದಷ್ಟು ಬೇಗ ಹಳ್ಳಕ್ಕೆ ಓಡಿಸುತ್ತೀರಿ. ಬೇಸಿಗೆಯಲ್ಲಿ ಅದೇ ಜಾಗಕ್ಕೆ ಬೋರ್‌ವೆಲ್‌ನಿಂದ ನೀರು ಎತ್ತುತ್ತೀರಿ. ನೀರು ಕೊಡುತ್ತಿದ್ದ ಒಂದು ಎಕರೆ, ನೀರು ಕುಡಿಯುವ ಒಂದು ಎಕರೆ ಆಗುತ್ತದೆ.

ಇನ್ನು ದುಡ್ಡಿನ ಲೆಕ್ಕ. ಇವತ್ತು ಇಟ್ಟ ಸಸಿ ಕೈಗೆ ಸರಿಯಾಗಿ ಫಸಲು ಕೊಡಲು ಆರೇಳು ವರ್ಷ ಬೇಕು. ಅಷ್ಟರಲ್ಲಿ ಚನ್ನಗಿರಿ, ದಾವಣಗೆರೆ, ಚಿತ್ರದುರ್ಗ, ತುಮಕೂರಿನ ಕಡೆ ಈಗ ಬೀಳುತ್ತಿರುವ ಸಸಿಗಳೂ ಫಸಲಿಗೆ ಬಂದಿರುತ್ತವೆ. ಬಯಲುಸೀಮೆಯಲ್ಲಿ ಕೊಳೆಯ ಕಾಟ ಕಡಿಮೆ. ನೀವು ಮೂರು ಸಲ ಬೋರ್ಡೋ ಹೊಡೆದು, ಎಲೆಚುಕ್ಕಿಗೆ ಇನ್ನಷ್ಟು ಸುರಿದು, ಅವರ ಜೊತೆ ಒಂದೇ ಮಾರುಕಟ್ಟೆಯಲ್ಲಿ ನಿಲ್ಲಬೇಕು. ನಮ್ಮ ಕೆಂಪಡಿಕೆಯ ದೊಡ್ಡ ಪಾಲು ಹೋಗುವುದು ಪಾನ್ ಮಸಾಲ, ಗುಟ್ಕಾ ತಯಾರಿಸುವವರಿಗೆ. ಗುಟ್ಕಾವನ್ನು ಕರ್ನಾಟಕವೇ 2013ರಲ್ಲಿ ನಿಷೇಧಿಸಿದೆ. ಆ ಬೆಲೆಯ ಮೇಲೆ ಮಗಳ ಮದುವೆಯ ವಯಸ್ಸಿನವರೆಗಿನ ಸಾಲ ಕಟ್ಟುವುದು ದೊಡ್ಡ ಧೈರ್ಯ.

ಗದ್ದೆ ಉಳಿಸಿಕೊಂಡರೆ ನಷ್ಟ ಇಲ್ಲವೇ? ಇದೆ. ಭತ್ತದಲ್ಲಿ ದುಡ್ಡು ಉಳಿಯುವುದಿಲ್ಲ, ಹಂದಿ ಕಾಟ ಬೇರೆ. ಅದನ್ನು ಮುಚ್ಚಿಟ್ಟು ಸಲಹೆ ಕೊಟ್ಟರೆ ನಾನು ಮೋಸ ಮಾಡಿದ ಹಾಗೆ. ಮನೆ ಊಟಕ್ಕೆ ಸಾಕಾಗುವಷ್ಟು ಬೆಳೆದು, ಹುಲ್ಲು ದನಕ್ಕೆ ಇಟ್ಟು, ಉಳಿದ ಗದ್ದೆ ತುಂಡುಗಳನ್ನು ಹಾಗೇ ಬಿಟ್ಟರೂ ಪರವಾಗಿಲ್ಲ. ಅಂಚು ಒಡೆಯದೆ ಮಳೆಗಾಲದಲ್ಲಿ ನೀರು ನಿಲ್ಲಿಸಿ, ಅಷ್ಟು ಸಾಕು. ಪಾಳು ಗದ್ದೆ ಅಂತ ಜನ ಆಡಿಕೊಳ್ಳುತ್ತಾರೆ. ತುಂಬಿಸಿದ ಗದ್ದೆಯನ್ನು ವಾಪಸ್ ತರುವುದು ಅಸಾಧ್ಯ. ಪಾಳು ಬಿಟ್ಟದ್ದನ್ನು ನಿಮ್ಮ ಮಗಳು ಬೇಕೆಂದಾಗ ಮತ್ತೆ ಉಳಬಹುದು. ಶುಂಠಿಗೆ ಮಾತ್ರ ಗುತ್ತಿಗೆ ಕೊಡಬೇಡಿ. ದುಡ್ಡು ಮುಂಗಡ ಸಿಗುತ್ತದೆ, ನಿಜ. ಸುರಿಯುವ ಔಷಧಿ ಮತ್ತು ಉಳಿಯುವ ಕೊಳೆರೋಗದ ಮಣ್ಣು ನಿಮ್ಮ ಪಾಲಿಗೆ. ಗುತ್ತಿಗೆ ಮಾಡಿದವರು ಮುಂದಿನ ವರ್ಷ ಬೇರೆ ಊರಲ್ಲಿ ಇರುತ್ತಾರೆ.

ಈಗ ಕಳೆನಾಶಕ. ಬಿಡಬೇಕು ಅಂತ ನಾನು ಒತ್ತಿ ಹೇಳುವುದು ಇದೊಂದನ್ನೇ, ಅದೂ ಈ ವರ್ಷವೇ. ನಾವು ಎಲ್ಲದಕ್ಕೂ ಔಷಧಿ ಅನ್ನುತ್ತೇವೆ. ಆ ಹೆಸರಿನಿಂದಲೇ ಅರ್ಧ ಭಯ ಹೋಗುತ್ತದೆ. ಗ್ಲೈಫೊಸೇಟ್ ಅನ್ನುವ ಕಳೆನಾಶಕಕ್ಕೆ ನಮ್ಮ ದೇಶದಲ್ಲಿ ಒಪ್ಪಿಗೆ ಇದ್ದದ್ದು ಚಹಾ ತೋಟಕ್ಕೆ ಮತ್ತು ಬೆಳೆ ಇಲ್ಲದ ಜಾಗಕ್ಕೆ. ಅಡಿಕೆಗೆ ಅಲ್ಲ. 2022ರಲ್ಲಿ ಕೇಂದ್ರ ಸರ್ಕಾರ ಕೀಟ ನಿಯಂತ್ರಣದ ಪರವಾನಗಿ ಇರುವವರು ಮಾತ್ರ ಬಳಸಬೇಕು ಅಂತಲೂ ಆದೇಶ ಮಾಡಿತು. ಕಾನೂನು ಬದಿಗಿರಲಿ, ತೋಟದಲ್ಲಿ ಕೂತು ನೋಡಿ. ಕಳೆ ಸತ್ತು ಬೋಳಾದ ನೆಲಕ್ಕೆ ಜುಲೈ ಮಳೆ ಬಿದ್ದಾಗ ಹನಿ ನೇರವಾಗಿ ಮಣ್ಣಿಗೆ ಹೊಡೆಯುತ್ತದೆ. ಮೇಲ್ಮಣ್ಣು ಎದ್ದು ಕೆಂಪು ನೀರಾಗಿ ಬಸಿಗಾಲುವೆಗೆ ಇಳಿಯುತ್ತದೆ. ಗ್ಲೈಫೊಸೇಟ್ ಆ ಮಣ್ಣಿನ ಕಣಕ್ಕೇ ಅಂಟಿಕೊಂಡು ಹಳ್ಳಕ್ಕೆ ಹೋಗುತ್ತದೆ. ಎಲೆಗೆ ಅಂಟಲಿ ಅಂತ ಕೆಲವು ಕಳೆನಾಶಕಗಳಲ್ಲಿ ಸೇರಿಸುವ ಸೋಪಿನಂಥ ರಾಸಾಯನಿಕ ಕಪ್ಪೆಯ ಮರಿಗಳಿಗೆ ಇನ್ನೂ ಕೆಟ್ಟದ್ದು. ಮಣ್ಣಿನ ಜೊತೆ ನೀವು ಹಾಕಿದ ಗೊಬ್ಬರವೂ ಹೋಗುತ್ತದೆ. ಮುಂದಿನ ವರ್ಷ ಜಾಸ್ತಿ ಗೊಬ್ಬರ, ಜಾಸ್ತಿ ಸಾಲ. ಸುತ್ತು ಇಲ್ಲಿಗೇ ಬರುತ್ತದೆ.

ಬದಲಿಗೆ ಕಳೆ ಕೊಚ್ಚುವ ಮೆಷಿನ್. ನಾಲ್ಕೈದು ಮನೆ ಸೇರಿ ಎರಡು ಕೊಂಡರೆ ಭಾರ ಆಗುವುದಿಲ್ಲ. ಮಳೆಗಾಲದ ಮಧ್ಯೆ ಒಂದು ಸಲ, ಕೊಯ್ಲಿಗೆ ಮುಂಚೆ ಒಂದು ಸಲ. ಬುಡದಿಂದ ಕಿತ್ತು ಹಾಕಬೇಡಿ, ನಾಲ್ಕು ಬೆರಳು ಬಿಟ್ಟು ಕೊಚ್ಚಿ. ಬೇರು ಮಣ್ಣು ಹಿಡಿದಿರಲಿ. ಬಿದ್ದ ಸೋಗೆಯನ್ನು (ಅಡಿಕೆ ಗರಿಯನ್ನು) ಸುಡದೆ ಮರದ ಸಾಲಿನಲ್ಲಿ ಹರಡಿ. ತೊಂದರೆ ಏನು ಅಂದ್ರೆ, ಮೊದಲ ಎರಡು ವರ್ಷ ಕಳೆ ಜಾಸ್ತಿ ಬಂದ ಹಾಗೆ ಕಾಣುತ್ತದೆ, ಪೆಟ್ರೋಲು ಮತ್ತು ಕೂಲಿ ಕಳೆನಾಶಕಕ್ಕಿಂತ ಹೆಚ್ಚೇ ಆಗುತ್ತದೆ. ಹಾವಿನ ಭಯ ಅಂತ ಕೊಯ್ಲಿನವರು ಗೊಣಗುತ್ತಾರೆ. ಓಡಾಡುವ ದಾರಿಯನ್ನು ಮಾತ್ರ ಬೋಳಾಗಿ ಇಡಿ.

ಬೋರ್ಡೋದಲ್ಲಿ ಬಿಡುವುದಲ್ಲ, ಕಡಿಮೆ ಮಾಡುವುದು. ಇದರ ಹಿಂದೆ ಒಂದು ಕಥೆ ಇದೆ. ಮೊದಲು ಕೊಳೆಗೆ ಔಷಧಿ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಮರ ಹತ್ತಿ ಕೊನೆಗೆ ಮಳೆ ತಾಗದಂತೆ ಕೊಟ್ಟೆ (ಹೊದಿಕೆ) ಕಟ್ಟುತ್ತಿದ್ದರು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಓಡಾಡಿ, ಕೊಳೆಗೆ ಒಂದು ಶಿಲೀಂಧ್ರ ಕಾರಣ ಅಂತ ತೋರಿಸಿ, ಮೈಲುತುತ್ತ ಸುಣ್ಣದ ದ್ರಾವಣವನ್ನು ಇಲ್ಲಿ ಬಳಕೆಗೆ ತಂದರು. ಅದರಿಂದ ಸಾವಿರಾರು ಮನೆ ಉಳಿಯಿತು. ಅವರು ಮಾಡಿದ್ದು ಒಳ್ಳೆಯ ಕೆಲಸ. ಆದರೆ ತಾಮ್ರ ಕರಗಿ ಮಾಯವಾಗುವ ವಸ್ತು ಅಲ್ಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ. ಅದರ ಕಾಲು ಭಾಗ ತಾಮ್ರ. ಎಕರೆಗೆ ಒಂದು ಸಲಕ್ಕೆ 400 ಲೀಟರ್ ಅಂತ ಇಟ್ಟುಕೊಳ್ಳಿ, ಒಂದು ಕೆಜಿ ತಾಮ್ರ ಆಯಿತು. ಮೂರು ಸಲಕ್ಕೆ ಮೂರು ಕೆಜಿ. ಐವತ್ತು ವರ್ಷಕ್ಕೆ 150 ಕೆಜಿ. ಕೊನೆಯ ಜೊತೆ ಹೋಗುವುದು ಸ್ವಲ್ಪ, ಉಳಿದದ್ದು ಮಣ್ಣಿಗೆ, ಹಳ್ಳಕ್ಕೆ. ಯುರೋಪಿನ ಸಾವಯವ ತೋಟಗಳಲ್ಲೂ ತಾಮ್ರ ಬಳಸಬಹುದು. ಆದರೆ ಅಲ್ಲಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ಮೀರಬಾರದು ಅಂತ ಮಿತಿ ಇದೆ. ನಮ್ಮ ಎಕರೆ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 1.6 ಕೆಜಿ.

ಮೂರನ್ನು ಎರಡಕ್ಕೆ ಇಳಿಸುವುದು ಹೆಚ್ಚಿನ ತೋಟಗಳಲ್ಲಿ ಸಾಧ್ಯ. ಮೊದಲ ಸಿಂಪಡಣೆ ಮುಂಗಾರು ಹಿಡಿಯುವ ಮುಂಚೆ, ಕೊನೆ ಒದ್ದೆ ಇಲ್ಲದಾಗ ಆಗಬೇಕು. ಎರಡನೆಯದು 40ರಿಂದ 45 ದಿನ ಬಿಟ್ಟು, ಮಳೆ ಬಿಡುವು ಕೊಟ್ಟಾಗ. ಮೊದಲನೆಯದು ತಡವಾದವರೇ ಮೂರನೆಯದಕ್ಕೆ ಓಡುವುದು. ಸುಣ್ಣದ ತಿಳಿಗೆ ಮೈಲುತುತ್ತದ ನೀರನ್ನು ಸುರಿಯಿರಿ, ಉಲ್ಟಾ ಬೇಡ. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಉದುರಿದ ಕೊಳೆತ ಕಾಯಿಯನ್ನು ಹೆಕ್ಕಿ ತೋಟದಿಂದ ಹೊರಗೆ ಹಾಕಿ, ಬಸಿಗಾಲುವೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳಿ. ಡ್ರಮ್ಮು, ಔಷಧಿ ಹೊಡೆಯುವ ಪಂಪು ತೊಳೆಯುವುದನ್ನು ಹಳ್ಳದ ಪಕ್ಕ ಮಾಡಲೇಬೇಡಿ. ಹಳ್ಳದ ಅಂಚಿನ ಒಂದೆರಡು ಸಾಲಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿ, ಅಲ್ಲಿ ಹೊಡೆಯುವುದನ್ನೇ ಬಿಡಬಹುದು. ಮರ ಹತ್ತುವ ಕೊನೆಗಾರರು ಸಿಗುವುದು ಕಷ್ಟ ಅಂತ ಗೊತ್ತು, ಅದಕ್ಕೇ ಎರಡು ಸಾಲು ಅಂದೆ. ಎಲೆಚುಕ್ಕಿಗೆ ಚುಕ್ಕಿ ಜಾಸ್ತಿ ಇರುವ ಕೆಳಗಿನ ಸೋಗೆ ತೆಗೆದು ತೋಟದ ಹೊರಗೆ ಸುಡಿ. ಈ ಸೋಗೆಯನ್ನು ಮಾತ್ರ ಹರಡಬಾರದು. ಪೊಟ್ಯಾಷ್ ಕಡಿಮೆ ಆಗದಂತೆ ನೋಡಿಕೊಳ್ಳಿ, ಎಲೆಚುಕ್ಕಿ ಇಲ್ಲದ ಮರಕ್ಕೆ ಮುಂಚಿತವಾಗಿ ಅಂತ ಅದರ ಔಷಧಿ ಸುರಿಯುವುದನ್ನು ನಿಲ್ಲಿಸಿ.

ಬೆಟ್ಟದ ಬಗ್ಗೆ ನೀವು ಏನೂ ಕೇಳಿಲ್ಲ. ಆದರೆ ನಿಮ್ಮ ಹತ್ತಿರ ಇರುವ ದೊಡ್ಡ ಆಸ್ತಿ ಅದೇ. ಸೊಪ್ಪಿನ ಬೆಟ್ಟದ ಹಕ್ಕು ಸೊಪ್ಪು, ದರಕು, ಹುಲ್ಲಿಗೆ. ನೆಲದ ಮಾಲೀಕತ್ವ ಅಲ್ಲ. ಅಲ್ಲಿಗೆ ತೋಟ ಹತ್ತಿಸುವ ಯೋಚನೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ನಾಲ್ಕರಲ್ಲಿ ಒಂದು ಎಕರೆಗೆ ಐದು ವರ್ಷ ಕತ್ತಿ ತಾಗಿಸಬೇಡಿ, ಬೆಂಕಿ ಬೀಳದಂತೆ ಕಾಯಿರಿ. ಗಿಡ ನೆಡುವ ಕಾರ್ಯಕ್ರಮವೂ ಬೇಡ, ಹಳೆ ಬುಡಗಳೇ ಚಿಗುರುತ್ತವೆ. ಖಾಲಿ ಇರುವ ಕಡೆ ವಾಟೆ, ಹೆಬ್ಬಲಸು, ಮುರುಗಲು, ಉಪ್ಪಾಗೆ, ಒಂದೆರಡು ಅಪ್ಪೆಮಿಡಿ ಹಾಕಿ. ಮಂಗಕ್ಕೂ ಸಿಗಲಿ, ನಿಮಗೂ ಸಿಗಲಿ. ಇಲ್ಲೂ ಒಂದು ಎಚ್ಚರಿಕೆ ಹೇಳಬೇಕು. 90ರ ದಶಕದಲ್ಲಿ ಹೊರದೇಶದಿಂದ ಉಪ್ಪಾಗೆಗೆ ಬೇಡಿಕೆ ಬಂದು ಬೆಲೆ ಏರಿದಾಗ, ಹಣ್ಣಿಗಾಗಿ ಕೊಂಬೆಯನ್ನೇ ಕಡಿದರು, ಸಿಪ್ಪೆ ಒಣಗಿಸಲು ಕಾಡಿನ ಸೌದೆ ಉರಿಸಿದರು. ಕಾಡಿನ ಉತ್ಪನ್ನ ಅಂದ ಮಾತ್ರಕ್ಕೆ ಕಾಡು ಉಳಿಯುವುದಿಲ್ಲ.

ಒಬ್ಬರೇ ಮಾಡಲು ಆಗದ್ದೂ ಇದೆ. ನೀವು ಕಳೆನಾಶಕ ಬಿಟ್ಟು ಮೇಲಿನ ಮನೆಯವರು ಬಿಡದಿದ್ದರೆ ಹಳ್ಳಕ್ಕೆ ಏನೂ ಗೊತ್ತಾಗುವುದಿಲ್ಲ. ಎಲ್ಲರಿಗೂ ಸೇರಿದ್ದು ಯಾರಿಗೂ ಸೇರಿದ್ದಲ್ಲ, ಹಾಳಾಗಿಯೇ ಆಗುತ್ತದೆ ಅಂತ ಒಂದು ವಾದ ಇದೆ. ಅದು ಪೂರ್ತಿ ನಿಜ ಅಲ್ಲ ಅಂತ ಲೋಕದ ಹಲವು ಊರುಗಳನ್ನು ಅಧ್ಯಯನ ಮಾಡಿ ತೋರಿಸಿದ ಎಲಿನಾರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮಗೆ ಇದು ಹೊಸದೇನಲ್ಲ. ಕೆರೆ ನೀರು ಬಿಡಲು ನೀರಗಂಟಿ ಇದ್ದ, ಅವನ ಮಾತನ್ನು ಪಟೇಲರೂ ಮೀರುತ್ತಿರಲಿಲ್ಲ. ನಿಯಮ ಮಾಡಿದವರು ಊರವರೇ, ಕಾಯುವವರೂ ಊರವರೇ. ಹಾಗಾಗಿ ಇಡೀ ಪಂಚಾಯ್ತಿಯನ್ನು ಬದಲಾಯಿಸಲು ಹೋಗಬೇಡಿ. ನಿಮ್ಮ ಹಳ್ಳದ ಮೇಲಿನಿಂದ ಕೆಳಗಿನವರೆಗೆ ಎಷ್ಟು ಮನೆ? ಆರೋ ಎಂಟೋ ಇರಬಹುದು. ಭೂಮಿ ಹುಣ್ಣಿಮೆ ದಿನ ಹೇಗೂ ಎಲ್ಲರೂ ಊರಲ್ಲಿ ಇರುತ್ತಾರೆ. ಹಳ್ಳದ ಎರಡೂ ಕಡೆ ಇಷ್ಟು ಮಾರು ಕಳೆನಾಶಕ ಇಲ್ಲ ಅನ್ನುವ ಒಂದೇ ಮಾತಿಗೆ ಒಪ್ಪಿಸಿ. ಮೆಷಿನ್ನೂ ಅಲ್ಲೇ ಹಂಚಿಕೊಳ್ಳಿ. ಗ್ರಾಮ ಪಂಚಾಯ್ತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಅಂತ ಒಂದು ಇರಬೇಕು, 2002ರ ಕಾಯ್ದೆಯಲ್ಲೇ ಇದೆ. ಎಷ್ಟೋ ಕಡೆ ಅದು ಕಾಗದದ ಮೇಲೆ ಮಾತ್ರ ಇದೆ. ನಿಮ್ಮ ಒಪ್ಪಂದವನ್ನು ಅಲ್ಲಿ ಬರೆಸಿದರೆ ನಾಳೆ ಯಾರಾದರೂ ಮೀರಿದಾಗ ತೋರಿಸಲು ಒಂದು ಪುಟ ಇರುತ್ತದೆ. ಒಬ್ಬರಾದರೂ ಒಪ್ಪದೇ ಇರುತ್ತಾರೆ. ಅವರನ್ನು ಬಿಟ್ಟೇ ಶುರು ಮಾಡಿ.

ತಪ್ಪು ನಿಮ್ಮದೇನಾ ಅಂದಿರಿ. ಉರುಳು ನೀವು ಕಟ್ಟಿದ್ದಲ್ಲ. ಆದರೆ ನಿಮ್ಮ ಎರಡು ಎಕರೆಯಲ್ಲಿ ಅದನ್ನು ಸಡಿಲ ಮಾಡಬಲ್ಲವರು ನೀವೊಬ್ಬರೇ. ಈ ಎರಡನ್ನೂ ಒಟ್ಟಿಗೆ ಹೊತ್ತುಕೊಳ್ಳುವುದು ಕಷ್ಟ, ನನಗೆ ಗೊತ್ತು.

ಮಗಳಿಗೆ ಉತ್ತರ ಬಾಕಿ ಇದೆ. ಏಡಿ ಯಾಕಿಲ್ಲ ಅಂತ ಊಹೆ ಮಾಡಿ ಹೇಳಬೇಡಿ, ಅವಳ ಜೊತೆ ಹುಡುಕಿ. ನೀರಿನ ಸಣ್ಣ ಜೀವಿಗಳಿಗೆ ತಾಮ್ರ ವಿಷ. ಹೂಳು ತುಂಬಿದರೆ ಕಲ್ಲಿನ ಸಂದಿ ಮುಚ್ಚುತ್ತದೆ. ಮಾರ್ಚ್‌ನಲ್ಲಿ ಹಳ್ಳ ಒಣಗಿದರೆ ಇರಲು ಜಾಗವೇ ಇಲ್ಲ. ನಿಮ್ಮಲ್ಲಿ ಯಾವುದು ಅಂತ ತಿಳಿಯಲು ಒಂದು ಸುಲಭದ ದಾರಿ ಇದೆ. ಮೊದಲ ಮಳೆ ಬಿದ್ದು, ಹತ್ತುಮೀನು (ಹೊಸ ಮಳೆ ನೀರಿಗೆ ಹಳ್ಳ ಹತ್ತುವ ಮೀನು) ಏರುವ ದಿನ ಕಳೆದ ಮೇಲೆ, ನೀರು ತಿಳಿಯಾದಾಗ ಹೋಗಿ. ಎಲ್ಲ ತೋಟಗಳಿಗಿಂತ ಮೇಲೆ, ಬೆಟ್ಟದೊಳಗೆ ಹಳ್ಳದ ಇಪ್ಪತ್ತು ಕಲ್ಲು ಎತ್ತಿ ನೋಡಿ. ಆಮೇಲೆ ನಿಮ್ಮ ತೋಟದ ಕೆಳಗೆ ಇಪ್ಪತ್ತು ಕಲ್ಲು. ಎತ್ತಿದ ಕಲ್ಲನ್ನು ಹಾಗೇ ವಾಪಸ್ ಇಡಿ. ಎಲ್ಲೆಲ್ಲಿ ಏಡಿ, ಗೊದಮೊಟ್ಟೆ, ನೀರಿನ ಹುಳ ಕಂಡವು ಅಂತ ಅವಳು ನೋಟುಬುಕ್ಕಿನಲ್ಲಿ ಬರೆಯಲಿ. ಮೇಲೆ ಇದ್ದು ಕೆಳಗೆ ಇಲ್ಲದಿದ್ದರೆ ತೋಟಗಳ ಕಡೆ ನೋಡಬೇಕು. ಎರಡೂ ಕಡೆ ಇಲ್ಲದಿದ್ದರೆ ನೀರು ಒಣಗುವುದರ ಕಡೆ. ತೋಟದ ಮಣ್ಣಿನ ಪರೀಕ್ಷೆ ಮಾಡಿಸುವಾಗ ತಾಮ್ರವನ್ನೂ ಅಳೆಯಿರಿ ಅಂತ ಕೇಳಿ ಬರೆಸಿ. ಕೇಳದಿದ್ದರೆ ಅದು ಬಿಟ್ಟುಹೋಗಬಹುದು. ಎರಡೂ ಲೆಕ್ಕ ಕೈಗೆ ಬಂದಾಗ ನನಗೆ ಇನ್ನೊಂದು ಪತ್ರ ಬರೆಯಿರಿ, ಮಗಳ ಪುಟದ ಫೋಟೋ ಜೊತೆಗಿರಲಿ.